ಒಸಡಿನ ರಕ್ತ ಮತ್ತು ಬೆಂಚಿನ ಮುಂದೆ ಕೇಳಿದ ಪ್ರಶ್ನೆ

ಬಾಯಿ ತೆರೆಸಿ ನೋಡಿದ ಕೂಡಲೇ ಬೈಯುವುದು ನನ್ನ ಕೆಟ್ಟ ಚಾಳಿ. ನನ್ನ ಮನೆ ಹಾವೇರಿಯಲ್ಲಿ. ವಾರಕ್ಕೆ ಮೂರು ದಿನ ಬ್ಯಾಡಗಿಗೆ ಹೋಗಿ ಹಲ್ಲಿನ ದವಾಖಾನೆ ನಡೆಸುತ್ತೇನೆ. "ಹಲ್ಲು ಕೀಳಿಸ್ಕೊಳ್ಳೋದು ಸುಮಾರ ಐತಿ, ಆ ಮೇಡಂ ಕಡೆ ಬೈಸ್ಕೊಳ್ಳೋದ ಭಾಳ ನೋವು" ಎಂದು ಬೆಂಚಿನ ಮೇಲೆ ಕುಳಿತವರು ನಗುವುದು ಪರದೆಯ ಈಚೆಗೆ ನನಗೇ ಕೇಳಿಸುತ್ತದೆ. ಒಸಡಿನಿಂದ ರಕ್ತ ಬರುತ್ತದೆಂದು ಶಾಲೆಯ ಮಕ್ಕಳು ಬಂದರಂತೂ ನನ್ನ ಬೈಗುಳ ಮೊದಲೇ ಸಿದ್ಧವಾಗಿರುತ್ತಿತ್ತು. ಆ ವಯಸ್ಸಿನಲ್ಲಿ ರಕ್ತಕ್ಕೆ ಕಾರಣ ಹೆಚ್ಚಿನ ಸಲ ಒಂದೇ, ನೆಟ್ಟಗೆ ಹಲ್ಲುಜ್ಜಿರುವುದಿಲ್ಲ. ಆ "ಹೆಚ್ಚಿನ ಸಲ" ಎಂಬ ನಂಬಿಕೆಯೇ ಒಂದು ಹುಡುಗಿಯ ವಿಷಯದಲ್ಲಿ ನನ್ನನ್ನು ದಾರಿ ತಪ್ಪಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ದವಾಖಾನೆ ಎಂದರೆ ಒಂದೇ ಅಂಗಡಿಯ ಕೋಣೆ. ನಡುವೆ ಪರದೆ. ಪರದೆಯ ಒಳಗೆ ರೋಗಿಯ ಕುರ್ಚಿ, ಹೊರಗೆ ಗೋಡೆಗೆ ಹೊಂದಿಸಿದ ಉದ್ದನೆಯ ಬೆಂಚು, ಬೆಂಚಿನ ಎದುರು ನನ್ನ ಸಹಾಯಕಿಯ ಮೇಜು. ಆಕೆಯನ್ನು ಊರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ನನಗಿಂತ ಹತ್ತು ವರ್ಷ ದೊಡ್ಡವರು, ದನಿಯೂ ಅಷ್ಟೇ ದೊಡ್ಡದು. ಹೊಸ ರೋಗಿ ಬಂದರೆ ಆಪಾ ಕಾರ್ಡು ತೆಗೆದು ಅಲ್ಲೇ ಕುಳಿತು ಕೇಳುತ್ತಿದ್ದರು: "ಬಿಪಿ ಐತೇನ್ರಿ? ಸಕ್ಕರಿ ಐತೇನ್ರಿ? ಬ್ಯಾರೆ ಗುಳಿಗಿ ಏನರ ತಗೋತೀರೇನ್ರಿ?" ರೋಗಿ ಉತ್ತರಿಸುವ ಮೊದಲೇ ಬೆಂಚು ಉತ್ತರಿಸುತ್ತಿತ್ತು. "ಆಕಿಗೆ ಸಕ್ಕರಿ ಐತಿ ಬರಕೋ ಆಪಾ, ಮೊನ್ನಿ ನಮ್ಮನ್ಯಾಗ ಚಾ ಬ್ಯಾಡಂದ್ಲು." ಇದರಿಂದ ನನ್ನ ಸಮಯ ಉಳಿಯುತ್ತಿತ್ತು. ಸಂತೆಯ ದಿನ ನಲವತ್ತು ಜನ ಬಂದರೂ ಕಾರ್ಡು ಮಾತ್ರ ತುಂಬಿರುತ್ತಿತ್ತು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ಹೊತ್ತಿನಲ್ಲಿ ಆ ತಾಯಿ ಮಗಳು ಬಂದರು. ತಾಯಿ ಊರ ಹೊರಗಿನ ಕಣದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಬೆರಳ ತುದಿಗಳೆಲ್ಲ ಕೆಂಪಗಾಗಿದ್ದವು. ಮಗಳು ಎಂಟನೆಯ ತರಗತಿ. ಯೂನಿಫಾರಂ ಮೇಲಿನ ವೇಲನ್ನು ಬಾಯಿಗೆ ಅಡ್ಡ ಹಿಡಿದೇ ಬಂದಳು, ಕುರ್ಚಿಯಲ್ಲಿ ಕೂಡಿಸಿದ ಮೇಲೂ ಬಿಡಲಿಲ್ಲ.

"ಏನವಾ, ವೇಲ್ ಬಿಚ್ಚದ ನೋಡ್ಲೇನ ನಾನು?" ಅಂದೆ.

ಬಾಯಿ ತೆರೆದಳು. ಮುಂದಿನ ಹಲ್ಲುಗಳ ಸಂದಿಯ ಒಸಡೆಲ್ಲ ಬಾತು, ನೆನೆದ ಕಡಲೆಕಾಳಿನಂತೆ ದುಂಡಗೆ ಹೊರಬಂದಿತ್ತು. ಮೊಂಡು ತುದಿಯ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೂ ರಕ್ತ ಜಿನುಗಿತು. ಹಲ್ಲಿನ ಬುಡದಲ್ಲಿ ಹಳದಿ ಕಿಟ್ಟ. ಇನ್ನೇನು ಬೇಕು? ಶುರುಮಾಡಿದೆ. ಹದಿಮೂರು ವರ್ಷದಾಕಿ, ಜಡೆಗೆ ರಿಬ್ಬನ್ ಕಟ್ಟಿಕೊಳ್ಳಲು ಪುರಸತ್ತು ಇದೆ, ಹಲ್ಲುಜ್ಜಲು ಇಲ್ಲವೇ ಎಂದೆ. ಪರದೆಯ ಆಚೆ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಕಣ್ಣು ಮುಚ್ಚಿಕೊಂಡಳು.

"ನಂದ ತಪ್ಪರಿ," ತಾಯಿ ಅಂದಳು. "ರಕ್ತ ಬರಾಕತ್ತಿದ್ದು ನೋಡಿ ತಿಕ್ಕಬ್ಯಾಡ ಅಂತ ನಾನ ಬ್ರಷ್ ಬಿಡಿಸಿದ್ದೆ."

ಇದು ದಿನಾ ಕೇಳುವ ಮಾತು. ರಕ್ತ ಕಂಡಿತೆಂದು ಉಜ್ಜುವುದನ್ನು ಬಿಡುತ್ತಾರೆ, ಬಿಟ್ಟದ್ದರಿಂದ ಕೊಳೆ ಕಟ್ಟುತ್ತದೆ, ಕೊಳೆಯಿಂದ ಒಸಡು ಬಾತು ಇನ್ನಷ್ಟು ರಕ್ತ ಬರುತ್ತದೆ. ಕಿಟ್ಟ ತೆಗೆದು ಸ್ವಚ್ಛ ಮಾಡಿದೆ, ಮೆತ್ತನೆಯ ಬ್ರಷ್ ಹಿಡಿಯುವ ರೀತಿ ಕಲಿಸಿದೆ, ಹದಿನೈದು ದಿನ ಬಿಟ್ಟು ಬರಲು ಹೇಳಿದೆ. ಆಪಾ ಕಾರ್ಡಿನಲ್ಲಿ ತಮ್ಮ ದುಂಡಕ್ಷರದಲ್ಲಿ ಬರೆದಿದ್ದರು: ಬೇರೆ ಕಾಯಿಲೆ ಇಲ್ಲ, ಬೇರೆ ಗುಳಿಗೆ ಇಲ್ಲ.

ಹದಿನೈದು ದಿನದ ಮೇಲೆ ಬಂದಾಗ ಒಸಡಿನ ಬಣ್ಣ ಸ್ವಲ್ಪ ತಿಳಿಯಾಗಿತ್ತು, ಬಾವು ಮಾತ್ರ ಇದ್ದಲ್ಲೇ ಇತ್ತು. ಉಜ್ಜಿಲ್ಲ ಎಂದುಕೊಂಡು ಮತ್ತೆ ಬೈಯಲು ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಹುಡುಗಿ ಮೊದಲ ಸಲ ತಾನಾಗಿ ಮಾತಾಡಿದಳು. "ಎರಡೂ ಹೊತ್ತು ತಿಕ್ಕೇನ್ರಿ. ಬೇಕಾರ ನೋಡ್ರಿ." ನಮ್ಮಲ್ಲಿ ಒಂದು ಬಣ್ಣದ ದ್ರಾವಣ ಇರುತ್ತದೆ, ಹಲ್ಲಿಗೆ ಸವರಿದರೆ ಕೊಳೆ ಉಳಿದ ಜಾಗವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸವರಿದೆ. ಹಿಂದಿನ ಹಲ್ಲುಗಳ ಹತ್ತಿರ ಎರಡು ಚುಕ್ಕಿ ಬಿಟ್ಟರೆ ಎಲ್ಲ ಸ್ವಚ್ಛ. ಅಷ್ಟು ಬಾತ ಒಸಡಿನ ಸಂದಿಯಲ್ಲಿ ಅಷ್ಟು ಚೆನ್ನಾಗಿ ಉಜ್ಜಬೇಕೆಂದರೆ ನೋವು ನುಂಗಿಕೊಂಡೇ ಉಜ್ಜಿರಬೇಕು. ನನಗೆ ನಾಚಿಕೆಯಾಯಿತು. "ಶಹಬ್ಬಾಸ್" ಅಂದೆ, ಆದರೆ ತಡವಾಗಿತ್ತು. ಅವಳು ಆಗಲೇ ವೇಲನ್ನು ಮೇಲೆ ಎಳೆದುಕೊಂಡಿದ್ದಳು.

ಹಾಗಾದರೆ ಬೇರೇನು? ಹುಡುಗಿಯರು ದೊಡ್ಡವರಾಗುವ ವಯಸ್ಸಿನಲ್ಲಿ ಮೈಯ ಏರುಪೇರಿಗೆ ಒಸಡು ಬೇಗ ಕೆಂಪಾಗಿ ರಕ್ತ ಸೋರುವುದುಂಟು. ಆಪಾಗೆ ಸನ್ನೆ ಮಾಡಿದೆ. ಬೆಂಚಿನ ಮುಂದೆ ಬಿಪಿ, ಸಕ್ಕರೆ ಎಂದು ಕೂಗುವ ಆಪಾ ಈ ಪ್ರಶ್ನೆಗೆ ಮಾತ್ರ ಎದ್ದು ಒಳಗೆ ಬಂದು ತಾಯಿಯ ಕಿವಿಯಲ್ಲಿ ಕೇಳಿದರು. ಹುಡುಗಿ ಇನ್ನೂ ದೊಡ್ಡವಳಾಗಿಲ್ಲ ಎಂದು ತಿಳಿಯಿತು. ಆಪಾ ಹೊರಗೆ ಹೋಗಿ ಮತ್ತೆ ಎತ್ತರದ ದನಿಯಲ್ಲಿ, "ಗುಳಿಗಿ ಗಿಳಿಗಿ ಏನೂ ಇಲ್ಲಲ್ರಿ?" ಎಂದು ಕಾರ್ಡು ನೋಡುತ್ತ ಕೇಳಿದರು. "ಏನಿಲ್ಲವಾ" ಎಂದಳು ತಾಯಿ. ಯಾವುದು ಗುಟ್ಟಿನ ಮಾತು, ಯಾವುದು ಅಲ್ಲ ಎಂಬುದನ್ನು ರೋಗಿಗಳ ಪರವಾಗಿ ನಾವಿಬ್ಬರೇ ತೀರ್ಮಾನ ಮಾಡಿಕೊಂಡಿದ್ದೆವು. ಆಗ ಅದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಮೆಣಸಿನಕಾಯಿ ಘಾಟು. ರಜೆಯ ದಿನ ಹುಡುಗಿಯೂ ತಾಯಿಯ ಜೊತೆ ಕಣಕ್ಕೆ ಹೋಗುತ್ತಿದ್ದಳು. ಆ ಘಾಟಿಗೆ ಮೂಗು ಕಟ್ಟುತ್ತದೆ, ಬಾಯಿಂದ ಉಸಿರಾಡುತ್ತಾರೆ, ಗಾಳಿ ತಾಗಿ ಮುಂದಿನ ಒಸಡು ಒಣಗಿ ಬಾತು ರಕ್ತ ಬರುತ್ತದೆ. ಸುಗ್ಗಿಯ ಕಾಲದಲ್ಲಿ ಇಂಥ ಹತ್ತಾರು ಬಾಯಿಗಳನ್ನು ನೋಡಿದ್ದೇನೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಕಣಕ್ಕೆ ಕಳಿಸಬೇಡಿ, ಮೂಗು ತೊಳೆಸಿ, ಮಲಗುವಾಗ ಒಸಡಿಗೆ ಕೊಬ್ಬರಿ ಎಣ್ಣೆ ಸವರಿ ಎಂದು ಹೇಳಿದೆ. ಅವರು ಹೇಳಿದಂತೆಲ್ಲ ಮಾಡಿದರು. ಮೂರು ವಾರವಾದರೂ ಬಾವು ಇಳಿಯಲಿಲ್ಲ. ಮತ್ತೆ ನೋಡಿದಾಗ ಗೊತ್ತಾಯಿತು: ಬಾಯಿ ಉಸಿರಿನ ಕಾಟ ಮುಖ್ಯವಾಗಿ ಮೇಲಿನ ಮುಂದಿನ ಒಸಡಿಗೆ. ಇವಳಿಗೆ ಕೆಳಗೂ ಅಷ್ಟೇ ಬಾತಿತ್ತು, ಮೊದಲ ದಿನದಿಂದಲೂ. ನನಗೆ ಬೇಕಾದ್ದನ್ನು ಮಾತ್ರ ನಾನು ನೋಡಿದ್ದೆ.

ಆಮೇಲೆ ನನಗೆ ಹೆದರಿಕೆ ಹತ್ತಿತು. ಮಕ್ಕಳ ಒಸಡು ಕಾರಣವಿಲ್ಲದೆ ಬಾತು ರಕ್ತ ಬಂದರೆ ರಕ್ತದ ಕ್ಯಾನ್ಸರನ್ನು ಮರೆಯಬಾರದು ಎಂದು ನಮಗೆ ಕಲಿಸಿರುತ್ತಾರೆ. ಕೆಲವು ಸಲ ಅದು ಮೊದಲು ಕಾಣಿಸಿಕೊಳ್ಳುವುದೇ ಬಾಯಲ್ಲಿ. ಕಣ್ಣಿನ ರೆಪ್ಪೆ ಇಳಿಸಿ ನೋಡಿದೆ, ಕುತ್ತಿಗೆಯಲ್ಲಿ ಗಂಟು ಹುಡುಕಿದೆ, ಕೈಕಾಲಿನಲ್ಲಿ ಹಸಿರುಗಟ್ಟಿದ ಕಲೆ ಇದೆಯೇ ಎಂದು ನೋಡಿದೆ. ಮೊಣಕಾಲ ಹತ್ತಿರ ಒಂದು ಹಳೆಯ ಪೆಟ್ಟಿನ ಗುರುತು ಇತ್ತು. "ಎಲ್ಲಿ ಬಿದ್ದೆವಾ?" ಅಂದೆ. ಹುಡುಗಿ ತಾಯಿಯ ಮುಖ ನೋಡಿದಳು. "ಆಡಾಕ ಹೋಗಿ ಬಿದ್ದಾಳ್ರಿ" ಎಂದು ತಾಯಿಯೇ ಹೇಳಿದಳು. ಹಾವೇರಿಯ ಲ್ಯಾಬಿಗೆ ರಕ್ತ ಪರೀಕ್ಷೆಗೆ ಬರೆದುಕೊಟ್ಟೆ. ಒಂದು ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ ಆಧಾರ್ ತೋರಿಸಿ, ತಾಯಿ ಮಗಳು ಹಾವೇರಿಗೆ ಬಂದು ರಕ್ತ ಕೊಟ್ಟು ಹೋದರು. ಸಂಜೆ ನಾನೇ ಲ್ಯಾಬಿಗೆ ಹೋಗಿ ವರದಿ ಕೈಗೆ ತೆಗೆದುಕೊಂಡೆ. ಎಲ್ಲ ಸರಿಯಾಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಫೋನು ಮಾಡಿ ಹೇಳಿದೆ. ಆಚೆಯಿಂದ ತಾಯಿ "ದೇವರಿದ್ದಾನ್ರಿ" ಎಂದಷ್ಟೇ ಅಂದಳು. ಯಾವ ರೋಗಕ್ಕೆ ಹೆದರಿದ್ದೆ ಎಂದು ನಾನು ಹೇಳಿರಲಿಲ್ಲ, ಅವಳು ಕೇಳಿಯೂ ಇರಲಿಲ್ಲ.

ಕಾರಣ ಸಿಗದಿದ್ದರೆ ಡಾಕ್ಟರಿಗೆ ಕೈ ತುರಿಸುತ್ತದೆ. ಬೆಳೆದ ಒಸಡನ್ನು ಕತ್ತರಿಸಿ ಆಕಾರಕ್ಕೆ ತರೋಣ ಎಂದುಕೊಂಡೆ. ಅದು ದೊಡ್ಡ ಶಸ್ತ್ರಚಿಕಿತ್ಸೆಯೇನಲ್ಲ; ಜೋಮು ಹಿಡಿಸಿ, ಹೆಚ್ಚಾದ ಭಾಗ ತೆಗೆದು, ಮೇಲೆ ಔಷಧಿಯ ಪಟ್ಟು ಹಾಕಿದರೆ ವಾರದಲ್ಲಿ ಮಾಯುತ್ತದೆ. ದಿನ ಗೊತ್ತು ಮಾಡಿದೆ. ಅಷ್ಟರಲ್ಲಿ ಹುಡುಗಿಯ ಶಾಲೆಯ ಶಿಕ್ಷಕಿ ಬಾಚಿಹಲ್ಲು ತೋರಿಸಲು ಬಂದವರು ಒಂದು ಮಾತು ಹೇಳಿದರು. ಪ್ರಾರ್ಥನೆಯ ಹೊತ್ತಿಗೆ ದಿನಪತ್ರಿಕೆ ಓದುವ ಕೆಲಸ ಹೋದ ವರ್ಷವೆಲ್ಲ ಆ ಹುಡುಗಿಯದಂತೆ. ಊರಿಗೆಲ್ಲ ಕೇಳಬೇಕು, ಹಾಗೆ ಓದುತ್ತಿದ್ದಳಂತೆ. ಈ ವರ್ಷ ಬಾಯಿ ನೋಡಿ ಹುಡುಗಿಯರು ನಕ್ಕ ಮೇಲೆ ಮುಂದೆ ಬರುವುದನ್ನೇ ಬಿಟ್ಟಿದ್ದಾಳೆ. ಒಂದೇ ಬೆಂಚಿನಲ್ಲಿ ಕೂಡುತ್ತಿದ್ದ ಗೆಳತಿ ವಾಸನೆ ಎಂದು ಜಾಗ ಬದಲಿಸಿದ್ದಾಳೆ. ನನಗೆ ಇನ್ನಷ್ಟು ಅವಸರವಾಯಿತು.

ಆ ದಿನ ಕುರ್ಚಿಯಲ್ಲಿ ಮಲಗಿಸಿ, ಜೋಮಿನ ಇಂಜೆಕ್ಷನ್ ತುಂಬಿಸಿ ಕೈಯಲ್ಲಿ ಹಿಡಿದೆ. ಚಾಕು ಹಿಡಿಯುವ ಮೊದಲು ಇನ್ನೊಮ್ಮೆ ಕೇಳುವುದು ನಿಯಮ. ಪರದೆ ಸರಿಸಿ ಬೆಂಚಿನ ಕಡೆ, "ಆಪಾ, ಬ್ಯಾರೆ ಗುಳಿಗಿ ಇಲ್ಲ ಹೌದಲ್ಲ?" ಎಂದು ಕೂಗಿದೆ. "ಇಲ್ರಿ ಮೇಡಂ, ಮೂರು ಸಲ ಬರದೀನಿ." ತಾಯಿಯೂ ಅಲ್ಲಿಂದಲೇ, "ಇಲ್ರೀ" ಅಂದಳು. ನಾನು ಹುಡುಗಿಯ ಕಡೆ ತಿರುಗಿದೆ. ಅವಳು ಸೂಜಿ ನೋಡುತ್ತಿರಲಿಲ್ಲ. ಸೂಜಿ ನೋಡದ ಮಗುವನ್ನು ಈ ಕುರ್ಚಿಯಲ್ಲಿ ನಾನು ಕಂಡಿಲ್ಲ. ಪರದೆಯ ಸಂದಿಯಿಂದ ಬೆಂಚನ್ನು ನೋಡುತ್ತಿದ್ದಳು, ತನ್ನ ಓಣಿಯ ಹೆಂಗಸರು ಸಾಲಾಗಿ ಕುಳಿತ ಆ ಬೆಂಚನ್ನು.

ನಾನು ಇಂಜೆಕ್ಷನ್ ತಟ್ಟೆಯಲ್ಲಿ ಇಟ್ಟೆ. ಹೊರಗೆ ಬಂದು, "ಕರೆಂಟ್ ಹೋಗೇತಿ, ಮಷಿನ್ ನಡೆಯಂಗಿಲ್ಲ, ಎಲ್ಲಾರೂ ಚಾ ಕುಡದು ಬರ್ರಿ" ಎಂದೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆಪಾ ಫ್ಯಾನು ನೋಡಿದರು, ನನ್ನ ಮುಖ ನೋಡಿದರು, ಎದ್ದು ಫ್ಯಾನಿನ ಬಟನ್ ಆರಿಸಿದರು. "ಏಳ್ರಿ ಏಳ್ರಿ, ಲಗೂ ಬರಂಗಿಲ್ಲ ಕರೆಂಟು" ಎಂದು ಬೆಂಚು ಖಾಲಿ ಮಾಡಿಸಿ, ತಾಯಿಯನ್ನೂ ಚಹಾ ಕುಡಿಸಲು ಕರೆದೊಯ್ದು, ಶಟರ್ ಅರ್ಧ ಇಳಿಸಿ ತಾವು ಬಾಗಿಲಲ್ಲಿ ನಿಂತರು.

"ಈಗ ಇಲ್ಲಿ ಯಾರೂ ಇಲ್ಲ. ನಾನು ಬೈಯಂಗಿಲ್ಲ. ಹೇಳವಾ" ಅಂದೆ.

ಅವಳು ಅರ್ಧ ಇಳಿದ ಶಟರ್ ಕಡೆ ನೋಡಿದಳು. ಆಮೇಲೆ, "ಯಾರಿಗೂ ಹೇಳಬಾರದಂತ ಅವ್ವ ಆಣಿ ಹಾಕಿಸ್ಯಾಳ್ರಿ" ಎಂದಳು. ಅದಾದ ಮೇಲೆ ಎಲ್ಲ ಬಂತು. ಒಂದು ವರ್ಷದ ಹಿಂದೆ ಅವಳಿಗೆ ಫಿಟ್ಸ್ ಬಂದಿತ್ತು, ಎರಡು ಸಲ. ಬ್ಯಾಡಗಿಯಲ್ಲಿ ತೋರಿಸಿದರೆ ಯಾರಾದರೂ ನೋಡುತ್ತಾರೆಂದು ರಾಣಿಬೆನ್ನೂರಿಗೆ ಒಯ್ದು ಅಲ್ಲಿಯ ಡಾಕ್ಟರಿಗೆ ತೋರಿಸಿದ್ದರು. ಅಂದಿನಿಂದ ದಿನಾ ಗುಳಿಗೆ. ಫಿಟ್ಸ್ ನಿಂತಿತ್ತು. ಗುಳಿಗೆಯ ಪಟ್ಟಿ ತಾಯಿಯ ಎಲೆ ಅಡಿಕೆ ಚಂಚಿಯಲ್ಲಿ, ಸುಣ್ಣದ ಡಬ್ಬಿಯ ಕೆಳಗೆ ಇರುತ್ತಿತ್ತು. ಮನೆಗೆ ಬಂದವರು ಕಪಾಟು ನೋಡಿಯಾರು, ಚಂಚಿಗೆ ಯಾರೂ ಕೈ ಹಾಕುವುದಿಲ್ಲ. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮನೆಯಲ್ಲಿ ಈ ರೋಗ ಇದೆ ಎಂದರೆ ಅವರು ಹೊಸ್ತಿಲು ತುಳಿಯುವುದಿಲ್ಲ ಎಂಬ ಭಯ.

ತಾಯಿಯನ್ನು ಕರೆಸಿದೆ. ಅವಳು ಚಂಚಿಯ ದಾರ ಬಿಚ್ಚಿ, ಸುಣ್ಣದ ಡಬ್ಬಿ ಸರಿಸಿ ಪಟ್ಟಿ ತೆಗೆದುಕೊಟ್ಟಳು. ಪಟ್ಟಿಯ ಮೇಲೆ ಹೆಸರು ಓದಿದೆ: ಫೆನಿಟಾಯಿನ್. ಈ ಗುಳಿಗೆ ಕೆಲವು ಮಕ್ಕಳಿಗೆ ಒಸಡು ಬೆಳೆಸುತ್ತದೆ, ಕೊಳೆ ಇದ್ದರೆ ಇನ್ನೂ ಹೆಚ್ಚು. ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ. ಚೀಟಿಯೂ ಅದರ ಜೊತೆಗಿತ್ತು. ರಾಣಿಬೆನ್ನೂರಿನ ಆ ವೈದ್ಯರು ಕೆಳಗೆ, ಹಲ್ಲು ಒಸಡು ಸ್ವಚ್ಛವಾಗಿಡಿ, ಹಲ್ಲಿನ ವೈದ್ಯರಿಗೆ ತೋರಿಸಿ ಎಂದು ಬರೆದೇ ಇದ್ದರು. ನಾನೇನಾದರೂ ಅಂದು ಚಾಕು ಹಿಡಿದಿದ್ದರೆ ಒಸಡು ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತಿತ್ತು. ಬಾಯಲ್ಲಿ ಚಾಕು ಇರುವಾಗ ಹೆದರಿಕೆಗೆ ಫಿಟ್ಸ್ ಬಂದಿದ್ದರೆ?

ಕಾರಣ ಸಿಕ್ಕ ಖುಷಿಗೆ ನನಗೆ ನೆಲವೇ ಕಾಣಲಿಲ್ಲ. ಹುಡುಗಿಯ ಗಲ್ಲ ತಟ್ಟಿ, "ನಿಂದೇನೂ ತಪ್ಪಿಲ್ಲವಾ. ನೀ ಎಷ್ಟ ತಿಕ್ಕಿದ್ರೂ ಇದು ಹೋಗ್ತಿರಲಿಲ್ಲ. ಎಲ್ಲಾ ಆ ಗುಳಿಗಿ ಮಾಡೇತಿ" ಅಂದೆ. ಅವಳು ಬಾಯಿ ಮುಕ್ಕಳಿಸಲು ತೊಟ್ಟಿಯ ಕಡೆ ಹೋದಳು, ನಲ್ಲಿ ಬಿಟ್ಟಳು. ನಾನು ತಾಯಿಯ ಕಡೆ ತಿರುಗಿ ಉಳಿದದ್ದನ್ನೆಲ್ಲ ಹೇಳಿದೆ: ಹುಬ್ಬಳ್ಳಿಯ ನರರೋಗ ತಜ್ಞರಿಗೆ ಪತ್ರ ಕೊಡುತ್ತೇನೆ, ಅವರು ಬೇರೆ ಗುಳಿಗೆಗೆ ಬದಲಿಸಬಹುದು, ಅಲ್ಲಿಯವರೆಗೆ ಇದನ್ನು ಒಂದು ದಿನವೂ ಬಿಡಬಾರದು, ಬಿಟ್ಟರೆ ಅಪಾಯ. ತಾಯಿ ಎಲ್ಲದಕ್ಕೂ ತಲೆಯಾಡಿಸಿದಳು. ಅಕ್ಕನನ್ನು ನೋಡಲು ಬರುವ ಕೆಲಸ ಮುಗಿಯಲಿ, ಮುಂದಿನ ವಾರ ಹೋಗುತ್ತೇವೆ ಎಂದಳು. ನಾನು ಹೂಂ ಅಂದೆ.

ಒಂದು ವಾರವೂ ಆಗಲಿಲ್ಲ. ಸಂತೆಯ ದಿನ ಬೆಳಿಗ್ಗೆ ಆಪಾ ಬೆಂಚಿನವರನ್ನು ದಾಟಿಸಿ ಅವರಿಬ್ಬರನ್ನು ನೇರ ಒಳಗೆ ಕರೆತಂದರು. ಹುಡುಗಿಯ ತುಟಿ ಸೀಳಿತ್ತು. ವೇಲಿನ ತುಂಬ ರಕ್ತದ ಕಲೆ. ಮೇಲಿನ ಮುಂದಿನ ಹಲ್ಲಿನ ಒಂದು ಮೂಲೆ ಮುರಿದು ಹೋಗಿತ್ತು.

ಹಿಂದಿನ ದಿನ ರಜೆ. ಮನೆಯಲ್ಲಿ ಯಾರೂ ಇಲ್ಲವೆಂದು ತಾಯಿ ಅವಳನ್ನು ಕಣಕ್ಕೆ ಕರೆದೊಯ್ದು ಘಾಟು ತಾಗದ ಮೂಲೆಯಲ್ಲಿ ಕೂಡಿಸಿದ್ದಳು. ಅಲ್ಲಿ ಅಷ್ಟೂ ಹೆಂಗಸರ ನಡುವೆ ಫಿಟ್ಸ್ ಬಂತು. ಒಬ್ಬರು ಕೈಗೆ ಬೀಗದ ಕೈ ಕೊಟ್ಟರು, ಒಬ್ಬರು ಮೂಗಿಗೆ ಈರುಳ್ಳಿ ಹಿಡಿದರು, ಹಲ್ಲು ಕಚ್ಚಿದ್ದನ್ನು ಬಿಡಿಸಬೇಕೆಂದು ಇನ್ನೊಬ್ಬರು ಊಟದ ಡಬ್ಬಿಯ ಚಮಚೆಯನ್ನು ಬಾಯೊಳಗೆ ತುರುಕಿದರು. ಚಮಚೆಗೆ ಹಲ್ಲು ಮುರಿಯಿತು. ಅವರು ಒಳ್ಳೆಯದಕ್ಕೇ ಮಾಡಿದ್ದರು. ಸರ್ಕಾರಿ ದವಾಖಾನೆಗೆ ಒಯ್ದು, ರಾತ್ರಿಯೆಲ್ಲ ಅಲ್ಲಿಟ್ಟುಕೊಂಡು, ಬೆಳಿಗ್ಗೆ ಬಿಟ್ಟಿದ್ದರು.

"ಗುಳಿಗಿ ಕೊಟ್ಟಿದ್ರಿಲ್ಲೋ?" ಎಂದು ತಾಯಿಯ ಮೇಲೆ ರೇಗಿದೆ.

"ನನ್ನ ಕೈಯಾರ ದಿನಾ ಕೊಟ್ಟೇನ್ರಿ! ನೀರು ಕುಡಿಸೇನ್ರಿ!" ತಾಯಿ ಅಳತೊಡಗಿದಳು.

ಹುಡುಗಿ ಮುರಿದ ಹಲ್ಲಿನ ನಡುವೆ ತೊದಲುತ್ತ ಹೇಳಿದಳು. "ದವಡಿಯಾಗ ಇಟಗೊಂಡು ಹಿತ್ತಲದಾಗ ಉಗಳತಿದ್ದೆರಿ. ನೀವ ಅಂದ್ರೆಲ್ಲ, ಎಲ್ಲಾ ಗುಳಿಗಿ ಮಾಡೇತಿ ಅಂತ. ಬಿಟ್ರ ಇಳೀತೈತಿ ಅನಕೊಂಡೆ. ಸಾಲ್ಯಾಗ ಪೇಪರ್ ಓದೂದಿತ್ತು."

ಬಿಡಬಾರದು ಎಂದು ತಾಯಿಗೆ ಹೇಳಿದ್ದೆ. ನುಂಗುವವಳಿಗೆ ಹೇಳಿರಲಿಲ್ಲ. ಅರ್ಧ ಮಾತು ಅವಳ ಕಿವಿಗೆ, ಉಳಿದರ್ಧ ನಲ್ಲಿಯ ಸದ್ದಿನಲ್ಲಿ. ಯಾರನ್ನು ಬೈಯುವುದು? ಅಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಬೈಯಲು ಯಾರೂ ಸಿಗಲಿಲ್ಲ.

"ನಂದ ತಪ್ಪವಾ," ಅಂದೆ. "ನಿನಗ ಹೇಳಬೇಕಿತ್ತು. ಹೇಳಲಿಲ್ಲ." ಹುಡುಗಿ ಗಾಬರಿಯಿಂದ ತಾಯಿಯನ್ನು ನೋಡಿದಳು. ಡಾಕ್ಟರು ಹೀಗೆ ಮಾತಾಡುವುದನ್ನು ಅವರಿಬ್ಬರೂ ಕೇಳಿರಲಿಲ್ಲ. ಅವಳ ಎರಡೂ ಕೈ ಹಿಡಿದು, ಈ ಸಲ ಅವಳಿಗೇ, ನಿಧಾನವಾಗಿ ಎಲ್ಲ ಹೇಳಿದೆ: ಗುಳಿಗೆ ಒಸಡು ಬೆಳೆಸುವುದು ಖರೆ, ಅದೇ ಗುಳಿಗೆ ಅವಳನ್ನು ಕಾಯುತ್ತಿರುವುದೂ ಖರೆ, ಬದಲಿಸುವುದು ಡಾಕ್ಟರ ಕೆಲಸ, ಅಲ್ಲಿಯವರೆಗೆ ನುಂಗುವುದು ಅವಳ ಕೆಲಸ. ಹೇಳಿದ್ದನ್ನು ಮರಳಿ ನನಗೆ ಹೇಳು ಅಂದೆ. ಹೇಳಿದಳು. ಮುರಿದ ಹಲ್ಲಿನ ಚೂಪು ಅಂಚನ್ನು ಸವರಿ, ಒಳಗಿನ ನರ ತೆರೆದಿಲ್ಲವೆಂದು ನೋಡಿ, ಸದ್ಯಕ್ಕೆ ಮೇಲೊಂದು ಪದರ ಹಾಕಿದೆ.

ಹೊರಡುವಾಗ ತಾಯಿ ತಿರುಗಿ ನಿಂತಳು. "ಇವತ್ತ ಬರೋರಿದ್ರರಿ ಗಂಡಿನ ಕಡೇವ್ರು. ಬೆಳಿಗ್ಗೆ ಫೋನ್ ಬಂತು. ಬರಂಗಿಲ್ಲಂತ."

ಮರುದಿನ ದವಾಖಾನೆ ಮುಚ್ಚಿ ಅವರ ಜೊತೆ ನಾನೇ ಹುಬ್ಬಳ್ಳಿಗೆ ಹೋದೆ. ಪತ್ರ ಸಾಕಿತ್ತು, ಆದರೂ ಹೋದೆ. ನರರೋಗ ತಜ್ಞರು ಹೊಸ ಗುಳಿಗೆಯನ್ನು ಶುರುಮಾಡಿ, ಹಳೆಯದನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುವ ಪಟ್ಟಿ ಬರೆದುಕೊಟ್ಟರು. ಪಟ್ಟಿಯನ್ನು ತಾಯಿಯ ಕೈಗೆ ಕೊಡಲು ಹೋದಾಗ ನಾನು, "ಹುಡುಗಿ ಕೈಗೆ ಕೊಡ್ರಿ ಸರ್, ಆಕಿ ಚೊಲೊ ಓದ್ತಾಳ" ಅಂದೆ. ಅಲ್ಲಿಯೇ ಜೋರಾಗಿ ಓದಿಸಿದೆವು. ವೇಲು ಬಾಯಿಗೆ ಅಡ್ಡ ಇತ್ತು, ಆದರೂ ಓದಿದಳು.

ಬ್ಯಾಡಗಿಗೆ ಬಂದು ಆಪಾ ಮತ್ತು ನಾನು ಕುಳಿತು ಕಾರ್ಡು ಬರೆಯುವ ಪದ್ಧತಿ ಬದಲಿಸಿದೆವು. ಆಪಾ ಎರಡು ದಿನ ಊಟ ಸರಿಯಾಗಿ ಮಾಡಿರಲಿಲ್ಲ. "ಮೂರು ಸಲ 'ಇಲ್ಲ' ಅಂತ ನನ್ನ ಕೈಯಾರೆ ಬರದೇನಿ ಮೇಡಂ. ಆ ಹೆಂಗಸು ಖರೇ ಹೇಳಾಕ ನಾವ ಜಾಗಾ ಎಲ್ಲಿ ಕೊಟ್ಟಿದ್ವಿ?" ಎಂದರು. ಪರದೆಯ ಒಳಗೆ ಇನ್ನೊಂದು ಸ್ಟೂಲು ಹಾಕಿದೆವು. ಅಂದಿನಿಂದ ಒಬ್ಬೊಬ್ಬರನ್ನೇ ಒಳಗೆ ಕರೆದು, ಮೆಲುದನಿಯಲ್ಲಿ ಕೇಳುವುದು. ಮೆಲುದನಿ ಆಪಾಗೆ ಕಷ್ಟವಾಯಿತು, ಕಲಿತರು. ಸಂತೆಯ ದಿನ ತಡವಾಗುತ್ತದೆ, ಬೆಂಚು ಗೊಣಗುತ್ತದೆ. ಗೊಣಗಲಿ ಬಿಡಿ.

ಹೊಸ ಗುಳಿಗೆ ಹಿಡಿಸಿತು, ಫಿಟ್ಸ್ ಮರಳಲಿಲ್ಲ. ತಿಂಗಳಿಗೊಮ್ಮೆ ಬಂದು ಹಲ್ಲು ಸ್ವಚ್ಛ ಮಾಡಿಸಿಕೊಂಡು ಹೋದಳು. ಬಾವು ಎಷ್ಟು ನಿಧಾನ ಇಳಿಯಿತೆಂದರೆ ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ. ಪ್ರತಿ ಸಲ ಮೊಬೈಲಿನಲ್ಲಿ ಫೋಟೋ ತೆಗೆದು ಹಿಂದಿನದರ ಜೊತೆ ತೋರಿಸಬೇಕಾಗುತ್ತಿತ್ತು. ಮುಂಗಾರು ಕಳೆದು ಹೊಸ ಮೆಣಸಿನಕಾಯಿ ಪೇಟೆಗೆ ಬರುವ ಹೊತ್ತಿಗೆ ಎರಡು ಹಲ್ಲಿನ ಸಂದಿಯಲ್ಲಿ ಮಾತ್ರ ಸ್ವಲ್ಪ ಉಳಿದಿತ್ತು. ಅಷ್ಟನ್ನು ಕತ್ತರಿಸಿ, ಮುರಿದ ಮೂಲೆಯನ್ನೂ ಹಲ್ಲಿನ ಬಣ್ಣದ ಸಿಮೆಂಟಿನಿಂದ ಕಟ್ಟಲು ದಿನ ಗೊತ್ತು ಮಾಡಿದೆ.

ಅಂದು ಸಂತೆ. ಬೆಂಚು ತುಂಬಿ ಇಬ್ಬರು ಬಾಗಿಲಲ್ಲಿ ನಿಂತಿದ್ದರು. ಹುಡುಗಿ ಒಳಗೆ ಬಂದು ಕುರ್ಚಿ ಏರಿದಳು. ಹೊರಗೆ ಆಪಾ ಕಾರ್ಡು ಹಿಡಿದು ಎದ್ದು ತಾಯಿಗೆ ಮೆಲ್ಲಗೆ, "ಒಳಗ ಬರ್ರಿ, ಬರಕೊಳ್ಳೂನು" ಎಂದರು.

ತಾಯಿ ಏಳಲಿಲ್ಲ. "ಇಲ್ಲೇ ಬರಕೋ ಆಪಾ," ಎಂದಳು. ದನಿ ಮೊದಲು ಸಣ್ಣಗಿತ್ತು, ಆಮೇಲೆ ಗಟ್ಟಿಯಾಯಿತು. "ನನ್ನ ಮಗಳಿಗೆ ಫಿಟ್ಸ್ ಐತಿ. ದಿನಾ ಗುಳಿಗಿ ತಗೋತಾಳ, ಒಂದಿನಾನೂ ತಪ್ಪಿಸಿಲ್ಲ. ಮುಚ್ಚಿಟ್ಟು ಏನ್ ಉಳಿಸ್ಕೊಂಡೆ ನಾ? ಬರಿ."

ಬೆಂಚು ಸುಮ್ಮನಾಯಿತು. ಆ ಬೆಂಚು ಸುಮ್ಮನಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಕುರ್ಚಿಯಲ್ಲಿ ಹುಡುಗಿ ಪರದೆಯ ಕಡೆ ತಿರುಗಿದ್ದಳು. ವೇಲು ಕುತ್ತಿಗೆಯ ಮೇಲೆ ಇತ್ತು, ಅಡ್ಡ ಹಿಡಿಯುವುದನ್ನೂ ಮರೆತಿದ್ದಳು. ಆಪಾ ಪೆನ್ನಿನಿಂದ ಬರೆಯುವ ಸದ್ದು ನನಗೆ ಕೇಳಿಸಿತು.

ಆಮೇಲೆ ಬೆಂಚಿನ ಕೊನೆಯಲ್ಲಿ ಕುಳಿತಿದ್ದ ಹೆಂಗಸೊಬ್ಬಳು ಎದ್ದಳು. ಮಗನ ಒಸಡು ತೋರಿಸಲು ಬಂದವಳು. ಅರ್ಧ ತಾಸಿನ ಹಿಂದೆ ಸ್ಟೂಲಿನ ಮೇಲೆ ಕುಳಿತು ಏನೂ ಇಲ್ಲ ಎಂದು ಹೇಳಿ ಹೋಗಿದ್ದಳು. ಆಪಾರ ಮೇಜಿನ ಹತ್ತಿರ ಬಂದು, ಸೆರಗು ಸರಿಪಡಿಸಿಕೊಂಡು ಹೇಳಿದಳು.

"ಆಪಾ, ನನ್ನ ಮಗನ ಕಾರ್ಡಿನ್ಯಾಗೂ ಒಂದೀಟು ತಿದ್ದೂದೈತಿ."